ಸಿಗ್ನಲ್ ಬಿದ್ದಿಲ್ಲ

೧೧ ಜನವರಿ ೧೯೮೭, ಔರಂಗಾಬಾದ್

…ಆ ದತ್ತುವಿನ ಕೈಯ ಮಾತು ನಿನ್ನೆ ಅರ್ಧಕ್ಕೇ ನಿಂತಿತು, ನಿದ್ದೆ ಬಂತು. ದತ್ತು ನಮ್ಮ ಯಾರ್ಡಿನ ಶಂಟಿಂಗ್ ಜಮಾದಾರ. ಹಸಿರು ಬಾವುಟ ಹಿಡಿದು, ಬಾವುಟ ಮರೆತ ದಿನ ಬರಿಗೈಯಲ್ಲೇ, ಹಿಂದಕ್ಕೆ ಬಾ, ಇನ್ನೂ ಬಾ, ಸಾಕು ಎಂದು ಎಂಜಿನ್ನಿಗೆ ಹೇಳುವವನು. ನಾನು ಶಂಟರ್, ಅವನ ಕೈ ನೋಡಿ ಎಂಜಿನ್ ಸರಿಸುವವನು. ಶೆಡ್ಡಿನಿಂದ ಎಂಜಿನ್ ತೆಗೆಯುವುದು, ಡಬ್ಬಿ ಜೋಡಿಸುವುದು, ಬಿಡಿಸುವುದು, ನೀರು ಕಲ್ಲಿದ್ದಲು ಹಾಕಿಸಿ ಲೈನಿಗೆ ಹೋಗುವ ಡ್ರೈವರಿಗೆ ಒಪ್ಪಿಸಿ ಇಳಿದುಬಿಡುವುದು. ಹದಿನಾಲ್ಕು ವರ್ಷದಿಂದ ದಿನವೂ ಎಂಜಿನ್ ನಡೆಸುತ್ತೇನೆ, ಯಾರ್ಡಿನ ಕೊನೆಯ ಕಂಬ ದಾಟಿದವನಲ್ಲ. ಅಡಿಗೆ ಮಾಡಿ ಬಡಿಸಿ ತಾನು ಉಣ್ಣದೆ ಎದ್ದ ಹಾಗೆ ಎಂದು ಕಸ್ತೂರಿ ಅನ್ನುತ್ತಿದ್ದಳು. ಅವಳಿಗೆ ಎಲ್ಲದಕ್ಕೂ ಅಡಿಗೆಯದೇ ಹೋಲಿಕೆ.

ಹೇಳಬೇಕೆಂದದ್ದು ಇಷ್ಟೇ. ಮೊನ್ನೆ ಚಹಾ ಅಂಗಡಿಯಲ್ಲಿ ದತ್ತು ಯಾರನ್ನೋ ಕರೆಯಲು ಕೈ ಬೀಸಿದ. ನಾನು ಬೆಂಚಿನಿಂದ ಎದ್ದು ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದೆ. ಅಂಗಡಿಯವರೆಲ್ಲ ನಕ್ಕರು. ನಾನೂ ನಕ್ಕೆ.

ಪ್ರಮೋಷನ್ನಿಗೆ ಹೆಸರು ಬಂದಿದೆ, ಗೂಡ್ಸ್ ಡ್ರೈವರ್. ಮೂರನೇ ಸಲ. ಮೊದಲ ಸಲ ಕಸ್ತೂರಿ, ‘ರಾತ್ರಿ ಒಬ್ಬಾಕೀನೇ ಹ್ಯಾಂಗ ಇರ್ಲಿ?’ ಅಂದಳು, ಒಲ್ಲೆ ಎಂದು ಹೇಳಿ ಬಂದೆ. ಎರಡನೇ ಸಲ ಅವಳು ಆಸ್ಪತ್ರೆಯಲ್ಲಿದ್ದಳು. ಈಗ ಇಲ್ಲ, ಶ್ರಾವಣದಲ್ಲಿ ಹೋದಳು. ಹೆಡ್ ಕ್ಲಾರ್ಕ್ ಹೇಳಿದ ಪ್ರಕಾರ, ಈ ಸಲ ಬೇಡ ಅಂದರೂ ಫೇಲ್ ಆದರೂ ಮತ್ತೆ ಹೆಸರು ಬರುವುದಿಲ್ಲ. ರಿಟೈರ್ ಆಗುವ ತನಕ ಶೆಡ್ಡೇ. ಹೂಂ ಅಂದೆ.

ಪಕ್ಕದ ಕ್ವಾರ್ಟರಿನವನು ತನ್ನ ಸ್ಕೂಟರನ್ನು ನಮ್ಮ ವರಾಂಡದಲ್ಲಿ ಇಡತೊಡಗಿದ್ದಾನೆ. ಕೇಳಿದ, ಹೂಂ ಅಂದೆ. ಒಳಗೆ ಹೋಗಬೇಕಾದರೆ ಅಡ್ಡಡ್ಡ ಹೋಗಬೇಕು.

೧೪ ಜನವರಿ, ನಾಸಿಕ್ ರೋಡ್

ಸಂಕ್ರಾಂತಿಗೆ ಪಾರ್ವತಿಬಾಯಿಯವರ ಮನೆಗೆ ಬಂದಿದ್ದೇನೆ. ಕಸ್ತೂರಿಯ ಅಕ್ಕ. ಷಡ್ಡಕರು ಒಂದು ಕಡೆ ಕೂತು ದ್ರಾಕ್ಷಿ ತಿನ್ನುತ್ತಾರೆ, ಮಾತೆಲ್ಲ ಅಕ್ಕನದು.

‘ಲೈನಿಗೆ ಹೋಗಿ ಏನ್ ಗಳಸೂದದ್ರಿ ಮನ್ಮಥಪ್ಪನವರ? ಮಕ್ಕಳಿಲ್ಲ ಮರಿಯಿಲ್ಲ. ಇಪ್ಪತ್ತು ವರ್ಷ ಸರ್ವಿಸ್ ಆಗ್ಯದ, ಪೆನ್ಶನ್ ಬರ್ತದ. ನೌಕರಿ ಬಿಟ್ಟು ಇಲ್ಲೇ ಬಂದ್ಬಿಡ್ರಿ. ಇವ್ರು ಸಾತಪುರದಾಗ ಒಂದು ಫ್ಯಾಕ್ಟರಿ ಗೇಟಿನ ಕೆಲಸ ಮಾತಾಡಿ ಇಟ್ಟಾರ. ಮ್ಯಾಲಿನ ಖೋಲಿ ಖಾಲಿ ಅದ.’

‘ಹೂಂ ಅಕ್ಕಾ.’

‘ಮತ್ತ ನಮ್ಮ ಭಾಗವ್ವ. ನೀವು ನೋಡೀರಿ. ಉಡಿಕಿ ಮದುವಿ ನಮ್ಮೊಳಗ ನಡೀತದ, ಯಾರೇನೂ ಅನ್ನಂಗಿಲ್ಲ. ಎಷ್ಟು ದಿನಾ ಅಂತ ಕೈ ಸುಟ್ಕೊಂಡು ರೊಟ್ಟಿ ಬಡೀತೀರಿ?’

ಭಾಗವ್ವ ಅವರ ನಾದಿನಿ. ಗಂಡ ತೀರಿ ಆರು ವರ್ಷ. ಒಳಗಿನಿಂದ ಬಂದು ಕೈಗೆ ಎಳ್ಳುಬೆಲ್ಲ ಹಾಕಿ, ‘ಚೊಲೊ ಮಾತಾಡ್ರಿ’ ಅಂದಳು. ಹಬ್ಬದ ಮಾತು ಅದು, ಎಲ್ಲರಿಗೂ ಅನ್ನುವುದೇ. ನಾನು ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡೆ. ಒಳಗೆ ಹೋದಳು. ಒಳ್ಳೆಯ ಹೆಂಗಸು. ಅವಳನ್ನೂ ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಎಲ್ಲ ನಿಶ್ಚಯವಾಯಿತು. ಪ್ರಮೋಷನ್ ಬೇಡ ಎಂದು ಹೇಳುವುದು, ಮೇ ತಿಂಗಳಲ್ಲಿ ಸಾಮಾನು ತರುವುದು. ನನ್ನ ತಬಲಾ ಜೋಡಿ ಎಲ್ಲಿಡುವುದು ಎಂಬುದೂ ನಿಶ್ಚಯವಾಯಿತು. ಅದು ನನ್ನದಲ್ಲ, ಮೊದಲು ಆ ಕ್ವಾರ್ಟರಿನಲ್ಲಿದ್ದವರು ಬಿಟ್ಟು ಹೋದದ್ದು. ಅದನ್ನು ಹೇಳಬೇಕು ಅನ್ನುವಷ್ಟರಲ್ಲಿ ಮಾತು ಮುಂದೆ ಹೋಗಿತ್ತು.

೨ ಫೆಬ್ರವರಿ, ಲಾಸೂರು

ಒಲ್ಲೆ ಅನ್ನಲು ಆಫೀಸಿಗೆ ಹೋದೆ. ಹೆಡ್ ಕ್ಲಾರ್ಕ್ ರಜೆಯಲ್ಲಿದ್ದ. ತಿರುಗಿ ಬರುವಾಗ ಎರಡನೇ ಲೈನಿನಲ್ಲಿ ಗೂಡ್ಸ್ ಗಾಡಿ ನಿಂತಿತ್ತು. ರೇವಣಪ್ಪ ಎಂಜಿನ್ನಿನ ಬಾಗಿಲಲ್ಲಿ ನಿಂತು ಕೈ ಬೀಸಿದ. ಕಲಬುರ್ಗಿ ಕಡೆಯವನು, ನಾವಿಬ್ಬರೂ ಒಂದೇ ವರ್ಷ ಶೆಡ್ಡಿನಲ್ಲಿ ಫೈರ್‌ಮನ್ ಆಗಿ ಸೇರಿದವರು. ಅವನು ಡ್ರೈವರ್ ಆಗಿ ಎಂಟು ವರ್ಷ ಆಯಿತು. ‘ಬಾರಲೇ ಮನ್ಮಥಾ, ಹತ್ತು’ ಅಂದ. ಚಹಾ ಕುಡಿಸುತ್ತಾನೆ ಎಂದುಕೊಂಡು ಹತ್ತಿದೆ. ಗಾಡಿ ಹೊರಟುಬಿಟ್ಟಿತು.

‘ಎಲ್ಲಿಗೋ?’

‘ಮನ್ಮಾಡಕ್ಕ. ಲೈನ್ ಕಲೀಲಾಕ ನಿನ್ನ ನನ್ನ ಕೈಯಾಗ ಕೊಟ್ಟಾರ. ಸಾಹೇಬನ ಕಡಿಂದ ನಾನೇ ಕೇಳ್ಕೊಂಡು ಬಂದೀನಿ.’

‘ನಾ ಒಲ್ಲೆ ಅನ್ನಾಂವಿದ್ದೆ.’

‘ಅಂದೇನು?’

‘ಕ್ಲಾರ್ಕ್ ಇರಲಿಲ್ಲ.’

‘ಹಂಗಾರ ಕಲ್ಲಿದ್ದಲ ಮ್ಯಾಲ ಕೂಡಬ್ಯಾಡ, ಈ ಕಡೆ ನಿಂದ್ರು.’

ಇದೊಂದು ಪದ್ಧತಿ. ಎಷ್ಟೇ ವರ್ಷ ಎಂಜಿನ್ ನಡೆಸಿದ್ದರೂ, ಒಂದು ಲೈನಿನಲ್ಲಿ ಇನ್ನೊಬ್ಬ ಡ್ರೈವರಿನ ಜೊತೆ ಹೋಗಿ ಬಂದು, ಪ್ರತಿ ಸಿಗ್ನಲ್ಲು ಪ್ರತಿ ಏರು ಪ್ರತಿ ಗೇಟು ನನಗೆ ಗೊತ್ತು ಎಂದು ಸಹಿ ಮಾಡದ ಹೊರತು ಅಲ್ಲಿ ಗಾಡಿ ಕೊಡುವುದಿಲ್ಲ. ಆಮೇಲೆ ಇನ್‌ಸ್ಪೆಕ್ಟರ್ ಟ್ರಯಲ್ ನೋಡುತ್ತಾರೆ. ಗೊತ್ತಿದ್ದದ್ದೇ. ಮನೆಯ ಚಾವಿಯೂ ಈ ಡೈರಿಯೂ ಕಿಸೆಯಲ್ಲಿದ್ದವು, ಚಪ್ಪಲಿಯಲ್ಲೇ ಇದ್ದೆ.

೩ ಫೆಬ್ರವರಿ, ಮನ್ಮಾಡ್

ಊರು ಬಿಟ್ಟು ಬಂದ ಡ್ರೈವರ್ ಫೈರ್‌ಮನ್‌ಗಳು ಉಂಡು ಮಲಗಲು ಇಲ್ಲೊಂದು ರನಿಂಗ್ ರೂಮ್ ಇದೆ. ಅಡಿಗೆಯವನು ಬದನೆಕಾಯಿ ಬಿಟ್ಟು ಬೇರೇನೂ ಮಾಡುವುದಿಲ್ಲವಂತೆ. ಬಂದ ಕೂಡಲೇ ಮಲಗಿದವನು ಬಿಸಿಲು ಬಂದ ಮೇಲೆ ಎದ್ದೆ. ಇಷ್ಟು ಹೊತ್ತು ಯಾಕೆ ಮಲಗಿದೆನೋ ಗೊತ್ತಿಲ್ಲ. ಮಂಚದ ಗುಣ ಇರಬೇಕು.

ನಿನ್ನೆಯದು ಉಳಿದದ್ದು ಬರೆದಿಡುತ್ತೇನೆ. ದೌಲತಾಬಾದ್ ಕೋಟೆ ಬಲಗಡೆ ಬಂತು, ಹಿಂದೆ ಹೋಯಿತು. ಯಾರ್ಡಿನ ನೀರಿನ ಟಾಕಿಯ ಮೇಲೆ ಹತ್ತಿದಾಗೆಲ್ಲ ಅದನ್ನು ನೋಡಿದ್ದೆ, ಎಂಜಿನ್ನಿನಿಂದ ಅದು ಹಿಂದೆ ಹೋಗುವುದನ್ನು ನೋಡಿರಲಿಲ್ಲ. ಲಾಸೂರಿನಲ್ಲಿ ಈರುಳ್ಳಿಯ ವಾಸನೆ. ಗಂಗಾಪುರದ ಕಡೆಯ ಮಾಲೆಲ್ಲ ಅಲ್ಲಿಗೇ ಬರುತ್ತದೆ. ಅಲ್ಲಿಂದ ಮುಂದೆ ರೇವಣಪ್ಪ ರೆಗ್ಯುಲೇಟರ್ ನನ್ನ ಕೈಗೆ ಕೊಟ್ಟ. ಉಗಿ ಬಿಡುವ ಹಿಡಿ ಅದು, ಎಳೆದಷ್ಟು ಎಂಜಿನ್ ಓಡುತ್ತದೆ. ನಾನು ಶೆಡ್ಡಿನಲ್ಲಿ ಎಳೆದಷ್ಟೇ ಎಳೆದೆ.

‘ಏನಲೇ, ತಲಿ ಮ್ಯಾಲ ಹಾಲಿನ ಕೊಡ ಹೊತ್ತಾಂವನಂಗ ಹೊಂಟೀಯಲ್ಲ. ಮಧುಕರ, ಕೆಳಗಿಳಿದು ಮುಂದ ಮುಂದ ನಡಿ, ದಾರ್ಯಾಗಿನ ಕುರಿ ಓಡಿಸು.’

ಮಧುಕರ ಅವನ ಫೈರ್‌ಮನ್, ಯೆವಲಾ ಕಡೆಯ ಮರಾಠಿಯವನು. ಇಪ್ಪತ್ತು ವರ್ಷ ಬೆಂಕಿ ಉರಿಸಿ ನಮ್ಮ ಕನ್ನಡ ಅರ್ಧ ಕಲಿತಿದ್ದಾನೆ. ‘ಕಾಕಾ, ಸಾಯಂಕಾಳ್ ಪರ್ಯಂತ್ ಪೋಹಚಾಯ್ಚೇ ಆಹೇ, ಸಂಜೀ ಒಳಗ ಮುಟ್ಟಬೇಕ್ರಿ’ ಅಂದ. ಇನ್ನಷ್ಟು ಎಳೆದೆ. ಓಡಿತು. ಶೆಡ್ಡಿನಲ್ಲಿ ಇಷ್ಟು ಹೊತ್ತಿಗೆ ಯಾರಾದರೂ ಸಾಕು ಅನ್ನುತ್ತಾರೆ, ಹಿಂದಕ್ಕೆ ಬರಬೇಕು. ಇಲ್ಲಿ ಯಾರೂ ಅನ್ನಲಿಲ್ಲ. ಹೋಗುತ್ತಲೇ ಇತ್ತು.

ಒಂಟಿ ಲೈನ್ ಇದು. ಎದುರಿನಿಂದ ಇನ್ನೊಂದು ಗಾಡಿ ಬಾರದಂತೆ ಸ್ಟೇಷನ್ ಮಾಸ್ತರರು ಒಂದು ಕಬ್ಬಿಣದ ಗೋಲಾ ಕೊಡುತ್ತಾರೆ, ಮುಷ್ಟಿಯಷ್ಟು ದಪ್ಪ, ಮೇಲೆ ಎರಡು ಸ್ಟೇಷನ್ನಿನ ಹೆಸರು ಕೊರೆದಿರುತ್ತದೆ. ಒಂದು ಹೊರಗೆ ಬಂದರೆ ಮಷಿನ್ನಿನಿಂದ ಇನ್ನೊಂದು ಬರುವುದಿಲ್ಲ. ಗೋಲಾ ಯಾರ ಎಂಜಿನ್ನಿನಲ್ಲಿದೆಯೋ ಮುಂದಿನ ಸ್ಟೇಷನ್ನಿನ ತನಕ ಲೈನು ಅವರದು. ಬೆತ್ತದ ಬಳೆಗೆ ಕಟ್ಟಿ ಎತ್ತಿ ಹಿಡಿದಿರುತ್ತಾರೆ, ಓಡುವ ಎಂಜಿನ್ನಿನಿಂದ ತೋಳು ಚಾಚಿ ಸಿಕ್ಕಿಸಿಕೊಳ್ಳಬೇಕು. ಮಧುಕರ ನನಗೂ ಒಮ್ಮೆ ಬಿಟ್ಟ. ತೋಳು ನೀಲಿಯಾಗಿದೆ.

ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಸರ್, ‘ಎ ರೋಲಿಂಗ್ ಸ್ಟೋನ್ ಗ್ಯಾದರ್ಸ್’ ಎಂದು ಏನೋ ಬರೆಸಿದ್ದರು. ಏನು ಗ್ಯಾದರ್ ಮಾಡುತ್ತದೆ ಎಂಬುದು ಮರೆತಿದೆ. ಬಿಎ ಮೊದಲ ವರ್ಷಕ್ಕೇ ಬಿಟ್ಟವನಿಗೆ ಅಷ್ಟೇ ನೆನಪು.

೨೬ ಫೆಬ್ರವರಿ, ಔರಂಗಾಬಾದ್

ಶಿವರಾತ್ರಿ. ಉಪವಾಸ ಮಾಡಿದೆ. ಕಸ್ತೂರಿ ಇದ್ದಾಗ ಸಾಬೂದಾಣಿ ಉಸಳಿ ಮಾಡುತ್ತಿದ್ದಳು, ಅದು ಊಟಕ್ಕಿಂತ ಜಾಸ್ತಿಯಾಗುತ್ತಿತ್ತು.

ಮನ್ಮಾಡಕ್ಕೆ ಹೋಗಿ ಬಂದು ಹೋಗಿ ಬಂದು ಲೈನ್ ಬಾಯಿಪಾಠವಾಗಿದೆ. ಹೆಡ್ ಕ್ಲಾರ್ಕ್ ರಜೆಯಿಂದ ಬಂದಿದ್ದಾನೆ. ಆಫೀಸಿನ ಮುಂದೆ ಎರಡು ಸಲ ಹಾದುಹೋದೆ. ಟ್ರಯಲ್ ಆಗಲಿ, ಅದರ ಮೇಲೆ ಹೇಳಿದರಾಯಿತು.

೧೨ ಮಾರ್ಚ್

ಟ್ರಯಲ್ ಆಯಿತು. ಇನ್‌ಸ್ಪೆಕ್ಟರ್ ಹರಿದಾಸ ಸಾಹೇಬರು ಎಂಜಿನ್ನಿನ ಮೇಲೆ ನನ್ನ ಬೆನ್ನ ಹಿಂದೆ ನಿಂತಿದ್ದರು. ರೇವಣಪ್ಪ ಮೂಲೆಯಲ್ಲಿ. ಯಾವ ಸ್ಟೇಷನ್ ಎಂದು ಬರೆಯುವುದಿಲ್ಲ. ಎಕ್ಸ್‌ಪ್ರೆಸ್ ದಾಟಿ ಹೋಗಲಿ ಎಂದು ನಮ್ಮನ್ನು ಪಕ್ಕದ ಲೂಪ್ ಲೈನಿಗೆ ಹಾಕಿದ್ದರು. ಹೊರಡುವ ಸಿಗ್ನಲ್ ಎದುರಿಗೇ ಇತ್ತು, ಅದರ ಹಲಗೆ ಅಡ್ಡವಾಗಿತ್ತು. ಅದು ಕೆಳಗೆ ಬಿದ್ದರೆ ಹೊರಡಬೇಕು, ಬೀಳದಿದ್ದರೆ ನಿಲ್ಲಬೇಕು. ಇದರಲ್ಲಿ ಕಲಿಯುವುದು ಏನೂ ಇಲ್ಲ.

ಎಕ್ಸ್‌ಪ್ರೆಸ್ ಬಂತು. ಎಲ್ಲ ಸರಿ ಇದೆ, ಹೋಗು ಎಂದು ಅದಕ್ಕೆ ತೋರಿಸಲು ಪೋರ್ಟರ್ ಒಬ್ಬ ನಮ್ಮ ಎಂಜಿನ್ನಿನ ಪಕ್ಕದಲ್ಲೇ ನಿಂತು ಹಸಿರು ಬಾವುಟ ಬೀಸಿದ. ಬೀಸಿದ್ದು ಅದಕ್ಕೆ. ನನ್ನ ಕೈ ರೆಗ್ಯುಲೇಟರ್ ಎಳೆಯಿತು. ನಾನು ಎಳೆದೆ ಎಂದು ಬರೆಯಲು ಬರುವುದಿಲ್ಲ, ಕೈ ಎಳೆಯಿತು. ಗಾಡಿ ಹೊರಟಿತು. ಹರಿದಾಸ ಸಾಹೇಬರು ನನ್ನನ್ನು ದಬ್ಬಿ ಬ್ರೇಕ್ ಹಾಕಿದರು. ಅರ್ಧ ಎಂಜಿನ್ನಿನಷ್ಟು ಸರಿದಿತ್ತು. ಸಿಗ್ನಲ್ ಇನ್ನೂ ಮುಂದಿತ್ತು, ಅದನ್ನು ದಾಟಿದ್ದರೆ ಸಸ್ಪೆಂಡ್.

‘ಶಂಟರ್ ಹೈ, ಶಂಟರ್ ಹೀ ರಹೇಗಾ’ ಅಂದರು ಸಾಹೇಬರು, ಇವನು ಕೊನೆತನಕ ಶಂಟರೇ ಎಂದು, ನನಗಲ್ಲ, ರೇವಣಪ್ಪನಿಗೆ. ಇನ್ನೊಂದು ಟ್ರಯಲ್ ಕೊಡುತ್ತಾರಂತೆ. ಅದೇ ಕೊನೆಯದು.

೧೩ ಮಾರ್ಚ್

ಡ್ಯೂಟಿ ಇಲ್ಲ. ಬಿಸಿಲು.

೧೫ ಮಾರ್ಚ್

ಹೋಳಿ. ಹೊರಗೆ ಹೋಗಲಿಲ್ಲ.

೧೯ ಮಾರ್ಚ್

ಪಾರ್ವತಿಬಾಯಿಯವರಿಗೆ ಫೇಲಾದ ಸುದ್ದಿ ಹೇಗೋ ಮುಟ್ಟಿದೆ. ನಾಸಿಕ್ಕಿಗೆ ಹೋಗಿ ಬರುವವರ ಕೈಯಲ್ಲಿ ಹೇಳಿ ಕಳಿಸಿದ್ದಾರೆ, ‘ಆದದ್ದು ಚೊಲೋನ ಆತು. ಖೋಲಿಗೆ ಸುಣ್ಣ ಹೊಡಸ್ಲಾಕತ್ತೇವಿ.’ ರೊಟ್ಟಿ ಮಾಡಲಿಲ್ಲ, ಚುರಮುರಿ ತಿಂದೆ.

೨೪ ಮಾರ್ಚ್, ಮನ್ಮಾಡ್

ರೇವಣಪ್ಪ ಮತ್ತೆ ಕರೆದುಕೊಂಡು ಹೋಗುತ್ತಿದ್ದಾನೆ. ಅವನಿಗೊಂದು ಹುಚ್ಚು ಹತ್ತಿದೆ. ‘ಯಾರು ಕೈ ಬೀಸಿದ್ರೂ ಹೋಗ್ತೀಯಲ್ಲೋ, ಮದುವಿ ಮೆರವಣಿಗಿ ಕುದುರಿ ಹಂಗ. ನಿನ್ನ ಕೈಗಿ ಬುದ್ಧಿ ಇಲ್ಲ, ಅದಕ್ಕ ಕಲಿಸಬೇಕು’ ಅಂದ. ಲೂಪಿನಲ್ಲಿ ಗಾಡಿ ನಿಂತಾಗೆಲ್ಲ ರೆಗ್ಯುಲೇಟರ್ ನನ್ನ ಕೈಗೆ ಕೊಟ್ಟು, ತಾನು ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಾನೆ. ಮಧುಕರ ಕೆಳಗಿಳಿದು ದೂರ ಹೋಗಿ ಕೈ ಬೀಸುತ್ತಾನೆ. ಕೈ ಕದಲಿದರೆ ಬೆರಳಿನ ಗೆಣ್ಣಿನ ಮೇಲೆ ಸ್ಪ್ಯಾನರಿನಿಂದ ಒಂದು ಏಟು. ಬಲವಾಗಿ ಅಲ್ಲ. ಆದರೂ ಏಟು.

ಮೊದಲ ದಿನ ಬಹಳ ತಿಂದೆ.

ಆಮೇಲೆ ಅವರು ಊರಿಗೇ ಹೇಳಿ ಇಟ್ಟರು. ರೋಟೇಗಾಂವದಲ್ಲಿ ಭಜಿ ಮಾರುವವನು ಹಸಿರು ಟವೆಲ್ ಬೀಸಿದ. ಗೇಟಿನವನ ಹೆಂಡತಿ ರೇಣವ್ವ, ಸೇಡಂ ಕಡೆಯವಳು, ತೊಟ್ಟಿಲ ಹಸಿರು ಬಟ್ಟೆ ಬೀಸಿ, ‘ಹೋಗ್ರಿ ಅಣ್ಣಾ, ಹೋಗ್ರಿ’ ಎಂದು ಕೂಗಿದಳು. ಸಂಜೆ ಒಬ್ಬ ಮುದುಕ ನಿಜವಾಗಿಯೂ ತನ್ನ ಎಮ್ಮೆಯನ್ನು ಕರೆಯಲು ಕೈ ಬೀಸಿದ. ನಾನು ಕದಲಲಿಲ್ಲ. ಎಮ್ಮೆಯೂ ಕದಲಲಿಲ್ಲ.

‘ನೋಡು, ನೀ ಈಗ ಎಮ್ಮಿ ಮಟ್ಟಕ್ಕ ಬಂದಿ’ ಅಂದ ರೇವಣಪ್ಪ.

ಕಲ್ಲಿದ್ದಲ ಮೇಲೆ ಕೂತು ಮೂವರೂ ನಕ್ಕೆವು. ನಗುವುದರಿಂದ ಹೊಟ್ಟೆ ನೋಯುವುದು ಮರೆತೇ ಹೋಗಿತ್ತು.

೩೦ ಮಾರ್ಚ್, ಔರಂಗಾಬಾದ್

ಯುಗಾದಿ. ಎಲ್ಲರ ಮನೆ ಮುಂದೆ ಕೋಲಿಗೆ ಸೀರೆ ಕಟ್ಟಿ ಗುಡಿ ನಿಲ್ಲಿಸಿದ್ದಾರೆ. ಲೈನಿನ ಪಾಳಿ ಇಲ್ಲದ ದಿನ ಶೆಡ್ಡಿನಲ್ಲೇ ಡ್ಯೂಟಿ, ಹಬ್ಬವಾದರೂ ಹೋಗಬೇಕು. ದತ್ತು ಡಬ್ಬಿಗಳ ಕೊನೆಯಲ್ಲಿ ನಿಂತು ಹಿಂದಕ್ಕೆ ಬಾ ಎಂದು ಬೀಸಿದ. ನಾನು ಹೋಗಲಿಲ್ಲ. ಮತ್ತೆ ಬೀಸಿದ. ನಾನು ಸಿಗ್ನಲ್ ಎಲ್ಲಿದೆ ಎಂದು ನೋಡುತ್ತಿದ್ದೆ.

ಅಷ್ಟು ದೂರದಿಂದ ನಡೆದು ಬಂದ. ‘ಕಾಯ್ ಝಾಲಂ ಮನ್ಮಥ್‌ಭಾವು? ಡೋಳೆ ಗೇಲೆ ಕಾ?’ ಕಣ್ಣು ಹೋದವೇ ಎಂದು.

‘ಸಿಗ್ನಲ್ ಕಾಣಲಿಲ್ಲ’ ಅಂದೆ.

‘ಇಥೆ ಮೀಚ್ ಸಿಗ್ನಲ್!’ ಎಂದು ಎದೆ ತಟ್ಟಿಕೊಂಡ. ಇಲ್ಲಿ ನಾನೇ ಸಿಗ್ನಲ್ ಎಂದು. ಅವನು ಹೇಳಿದ್ದು ಸರಿ. ಇಪ್ಪತ್ತು ನಿಮಿಷ ಮುನಿಸಿಕೊಂಡು ಬೀಸಲೇ ಇಲ್ಲ. ನಾನು ಎಂಜಿನ್ನಿನಲ್ಲಿ, ಅವನು ಹಳಿಯ ಮೇಲೆ, ಇಬ್ಬರೂ ಕೂತಿದ್ದೆವು. ಇಲ್ಲಿಯೂ ಸಲ್ಲದೆ ಅಲ್ಲಿಯೂ ಸಲ್ಲದೆ ಆದರೆ ಕಷ್ಟ. ಆಮೇಲೆ ಅವನ ಮನೆಯಿಂದ ಶ್ರೀಖಂಡ ಬಂತು, ನನಗೂ ಕೊಟ್ಟ.

ಪಕ್ಕದ ಕ್ವಾರ್ಟರಿನವನಿಗೆ ಸ್ಕೂಟರನ್ನು ತನ್ನ ವರಾಂಡದಲ್ಲೇ ಇಟ್ಟುಕೊಳ್ಳಲು ಹೇಳಿದೆ. ಎಣ್ಣೆಯ ಕಲೆ ಹೋಗುತ್ತಿಲ್ಲ.

೨೧ ಏಪ್ರಿಲ್

ಇವತ್ತಿನದು ನಾಳೆ ಬರೆಯುತ್ತೇನೆ.

೨೨ ಏಪ್ರಿಲ್

ನಿನ್ನೆ ಕೊನೆಯ ಟ್ರಯಲ್, ಮನ್ಮಾಡಿನಿಂದ ಇಲ್ಲಿಗೆ. ಹರಿದಾಸ ಸಾಹೇಬರು ಹತ್ತುವಾಗಲೇ ಹೇಳಿದರು, ಸಂಜೆ ಐದಕ್ಕೆ ಮಗಳನ್ನು ನೋಡಲು ಗಂಡಿನವರು ಬರುತ್ತಾರೆ, ಅಷ್ಟರೊಳಗೆ ಮನೆ ಸೇರಬೇಕು. ಹೊಸ ಷರ್ಟು ಹಾಕಿಕೊಂಡಿದ್ದರು, ಮಸಿ ತಾಗದಂತೆ ಮೇಲೆ ಪೇಪರ್ ಕಟ್ಟಿಕೊಂಡಿದ್ದರು.

ಎಲ್ಲ ಚೆನ್ನಾಗಿಯೇ ನಡೆಯಿತು. ವೇಗ ಸರಿ, ಟೈಮ್ ಸರಿ. ಒಂದು ಸ್ಟೇಷನ್ನಿನಲ್ಲಿ ಎದುರು ಗಾಡಿಗಾಗಿ ಲೂಪಿನಲ್ಲಿ ನಿಂತೆವು. ಆ ಮಾಸ್ತರರು ಒಳ್ಳೆಯವರು, ಅದಕ್ಕೆ ಹೆಸರು ಬೇಡ. ಎದುರು ಗಾಡಿ ಹೋಯಿತು. ಪೋರ್ಟರ್ ಗೋಲಾ ತಂದು ಕೊಟ್ಟ. ಎರಡೂ ಹೆಸರು ಓದಿದೆ, ಸರಿ ಇತ್ತು. ಹಿಂದಿನಿಂದ ಗಾರ್ಡ್ ಹಸಿರು ಬೀಸಿದ. ಸಿಗ್ನಲ್ ಬೀಳಲಿಲ್ಲ.

ಕಾದೆ. ಗಾರ್ಡ್ ಮತ್ತೆ ಬೀಸಿದ. ಪೋರ್ಟರ್ ಬೀಸಿದ. ಮಾಸ್ತರರು ಹೊರಗೆ ಬಂದು, ಸಿಗ್ನಲ್ ಕಡೆ ನೋಡಿ, ಅವರೂ ಎರಡೂ ಕೈಯಿಂದ ಬೀಸಿದರು.

‘ಚಲೋ’ ಅಂದರು ಹರಿದಾಸ ಸಾಹೇಬರು.

‘ಸಾಹೇಬ್, ಸಿಗ್ನಲ್ ಡೌನ್ ನಹೀ ಹುವಾ.’

‘ತಂತಿ ಜಾರಿರಬೇಕು. ಗೋಲಾ ಕೈಯಲ್ಲಿದೆಯಲ್ಲ, ಮುಂದೆ ಯಾವ ಗಾಡಿಯೂ ಇಲ್ಲ. ಎಲ್ಲರೂ ಹೋಗು ಅನ್ನುತ್ತಿದ್ದಾರೆ. ನಡೆ.’ ಹಿಂದಿಯಲ್ಲಿ ಅಂದರು, ಪೂರ್ತಿ ಹೀಗೆಯೇ ಅಲ್ಲ, ನಡುವೆ ಎರಡು ಬೈಗುಳ ಇದ್ದವು.

ಅವರು ಹೇಳಿದ್ದು ನಿಜವೇ. ಲೈನ್ ಖಾಲಿಯಿತ್ತು, ಗೋಲಾ ಇತ್ತು. ಆದರೆ ಸಿಗ್ನಲ್ ಕೆಟ್ಟಿದ್ದರೆ, ದಾಟಿ ಹೋಗು ಎಂದು ಮಾಸ್ತರರು ಕಾಗದದ ಮೇಲೆ ಬರೆದು ಕೊಡಬೇಕು. ಬರೆದು ಕೊಡದೆ ಬೀಸುತ್ತಿದ್ದರು. ರೇವಣಪ್ಪನ ಕಡೆ ನೋಡಿದೆ. ಅವನು ತಲೆ ತುರಿಸಿಕೊಳ್ಳುತ್ತ ಹೊರಗೆ ನೋಡುತ್ತಿದ್ದ. ಮಧುಕರ ಬೆಂಕಿಯ ಬಾಗಿಲು ಮುಚ್ಚಿ ಸುಮ್ಮನೆ ನಿಂತ.

‘ಮನ್ಮಥಪ್ಪ, ಮೈ ಬೋಲ್ ರಹಾ ಹೂಂ. ಇನ್‌ಸ್ಪೆಕ್ಟರ್ ನಾನು. ಪಾಸಾಗಬೇಕೋ ಬೇಡವೋ?’

ಕೈ ರೆಗ್ಯುಲೇಟರ್ ಮೇಲಿತ್ತು. ಹಿಡಿ ಬಿಸಿಯಿತ್ತು. ಅದನ್ನು ಬಿಟ್ಟು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದೆ.

‘ಸಿಗ್ನಲ್ ಬಿದ್ದಿಲ್ಲ!’

ಕನ್ನಡದಲ್ಲಿ ಯಾಕೆ ಕೂಗಿದೆನೋ. ಆ ಸ್ಟೇಷನ್ನಿನಲ್ಲಿ ಯಾರಿಗೂ ಕನ್ನಡ ಬಾರದು. ಮತ್ತೆ ಕೂಗಿದೆ, ಮತ್ತೆಯೂ ಕನ್ನಡವೇ ಬಂತು. ಪ್ಲ್ಯಾಟ್‌ಫಾರಂ ಮೇಲಿನ ನಾಯಿ ಎದ್ದು ಹೋಯಿತು. ಬೀಸುತ್ತಿದ್ದ ಕೈಗಳು ಒಂದೊಂದಾಗಿ ಕೆಳಗಿಳಿದವು. ಮಾಸ್ತರರು ಒಳಗೆ ಓಡಿದರು. ಸಾಹೇಬರು ಗಡಿಯಾರ ನೋಡಿಕೊಂಡರು, ನನ್ನನ್ನು ನೋಡಲಿಲ್ಲ. ಎಂಜಿನ್ ಒಂದೇ ಉಸಿರಾಡುತ್ತಿತ್ತು. ಬಹಳ ಹೊತ್ತಾಯಿತು. ನಾನು ಸಾತಪುರದ ಗೇಟು ಹೇಗಿರಬಹುದು ಎಂದು ಯೋಚಿಸುತ್ತಿದ್ದೆ.

ಕೊನೆಗೆ ಮಾಸ್ತರರೇ ಬೆವರುತ್ತ ಓಡಿ ಬಂದು ಕಾಗದ ಕೊಟ್ಟರು, ಮರಾಠಿಯಲ್ಲಿ ನನ್ನ ಮನೆತನ ನೆನೆದರು. ಓದಿದೆ. ಹೊರಟೆ. ಏನೂ ಆಗಿರಲಿಲ್ಲ, ತಂತಿ ಜಾರಿತ್ತು ಅಷ್ಟೇ. ಔರಂಗಾಬಾದಿಗೆ ಐದೂ ಮುಕ್ಕಾಲಿಗೆ ಬಂದೆವು. ಸಾಹೇಬರು ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿದು ಹೋದರು. ಪೇಪರ್ ಬೆನ್ನಿಗೆ ಅಂಟಿಕೊಂಡೇ ಇತ್ತು.

ರೇವಣಪ್ಪ ಬೀಡಿ ಹಚ್ಚಿ ಹೇಳಿದ, ‘ಖರೇ ಹೇಳ್ಲೇನು? ನಾ ಆಗಿದ್ರ ಹೊಂಟುಬಿಡ್ತಿದ್ದೆ.’

‘ಮೊದಲೇ ಹೇಳಬಾರದಾ?’

‘ಹೇಳಿದ್ರ ನೀನೂ ಹೋಗ್ತಿದ್ದೀ.’

ಫೇಲೇ ಇರಬೇಕು. ಇರಲಿ.

೧ ಮೇ, ನಾಸಿಕ್ ರೋಡ್

ಬಸವ ಜಯಂತಿ. ಪಾರ್ವತಿಬಾಯಿಯವರ ಮನೆಯಲ್ಲಿ ಹೋಳಿಗೆ. ಟ್ರಯಲ್ಲಿನದು ಇನ್ನೂ ಏನೂ ತಿಳಿದಿಲ್ಲ. ಖೋಲಿ ತೋರಿಸಿದರು, ತಿಳಿ ನೀಲಿ ಸುಣ್ಣ, ಕಿಟಕಿಯಿಂದ ಬೇವಿನ ಗಿಡ ಕಾಣುತ್ತದೆ. ಚೆನ್ನಾಗಿದೆ ಎಂದೆ.

‘ಸಾಮಾನು ಯಾವಾಗ ತರ್ತೀರಿ?’

‘ತರೂದಿಲ್ಲ ಅಕ್ಕಾ.’

‘ಅಂದ್ರ? ನೀವ ಹೂಂ ಅಂದಿದ್ರಿ.’

‘ಹೂಂ ಅಂದಿದ್ದೆ. ಬರೂದಿಲ್ಲ.’

‘ಪಾಸಾದ್ರೇನು?’

‘ಗೊತ್ತಿಲ್ರಿ. ಆಗಿಲ್ಲ ಅಂತ ಕಾಣಿಸ್ತದ.’

‘ಮತ್ತ್ಯಾಕ್ರೀ!’

ಹೋಳಿಗೆಗೆ ತುಪ್ಪ ಕೇಳಿದೆ. ಷಡ್ಡಕರು ಮೊದಲ ಸಲ ಬಾಯಿಬಿಟ್ಟು, ‘ಬಿಡು, ಅವ್ರು ಒಲ್ಲೆ ಅಂದ್ರ ಮುಗೀತು’ ಅಂದರು. ಪಾರ್ವತಿಬಾಯಿ ಸಿಟ್ಟಿನಿಂದ ತುಪ್ಪ ಜಾಸ್ತಿಯೇ ಹಾಕಿದರು. ಹೊರಡುವಾಗ ಬಾಗಿಲಲ್ಲಿ ಭಾಗವ್ವ ಒಬ್ಬಳೇ ಇದ್ದಳು. ‘ನಾನೂ ಬೀದರಿಗಿ ಹೋಗ್ತೀನ್ರಿ, ಹಿರಿ ಅಣ್ಣನ ಅಂಗಡಿ ನೋಡ್ಕೋತೀನಿ. ನನಗೂ ಇಲ್ಲಿ ಇರೂದು ಮನಸಿರಲಿಲ್ಲ’ ಅಂದಳು. ಒಳ್ಳೆಯದಾಯಿತು ಎಂದೆ. ಇಬ್ಬರಿಗೂ ಸ್ವಲ್ಪ ನಗು ಬಂತು. ಚಟ್ನಿಪುಡಿ ಕಟ್ಟಿ ಕೊಟ್ಟಳು.

ಪ್ಯಾಸೆಂಜರ್ ಎರಡು ತಾಸು ಲೇಟು. ಸ್ಟೇಷನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿಯ ದೊಡ್ಡ ಲೈನಿನ ಎಂಜಿನ್ನಿಗೆ ಬೆಂಕಿಯೂ ಇಲ್ಲ ಹೊಗೆಯೂ ಇಲ್ಲ, ತಂತಿಯಿಂದ ಓಡುತ್ತದೆ. ಡ್ರೈವರನ ಷರ್ಟು ಬಿಳಿ.

೧೮ ಮೇ, ಔರಂಗಾಬಾದ್

ಹರಿದಾಸ ಸಾಹೇಬರು ಶೆಡ್ಡಿನ ನಳದ ಹತ್ತಿರ ಸಿಕ್ಕರು. ನಾನು ಕೈ ತೊಳೆಯುತ್ತಿದ್ದೆ.

‘ನಿನ್ನ ಹೆಸರಿನ ಮೇಲೆ ಲೇಟು ಬರೆದಿದ್ದೇನೆ’ ಅಂದರು.

‘ಹೌದು ಸಾಹೇಬ್.’

‘ಪಾಸೂ ಬರೆದಿದ್ದೇನೆ.’

ನಳ ಬಂದ್ ಮಾಡಿದೆ. ಕೇಳಿದೆ, ‘ಅವತ್ತು ನಡೆ ಅಂದದ್ದು ಪರೀಕ್ಷೆಗೆ ಅಂದಿರೋ, ಖರೇ ಅಂದಿರೋ?’

ಅವರು ಅತ್ತ ಇತ್ತ ನೋಡಿದರು. ‘ಮನೆಗೆ ಗಂಡಿನವರು ಬರುವವರಿದ್ದರಲ್ಲ’ ಅಂದರು. ಆಮೇಲೆ, ‘ಸಂಬಂಧ ಕೂಡಿತು. ಹುಡುಗ ಶಾಲೆ ಮಾಸ್ತರ್. ಕಾಯ್ದುಕೊಂಡು ಕೂತಿದ್ದರು ಪಾಪ.’

ದತ್ತುವಿಗೆ ಹೇಳಿದೆ. ಅವನು ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ‘ಆತಾ ಮೀ ಕೋಣಾಲಾ ಹಾತ್ ದಾಖವೂ?’ ಅಂದ. ಈಗ ನಾನು ಯಾರಿಗೆ ಕೈ ತೋರಿಸಲಿ ಎಂದು. ಹೊಸ ಶಂಟರ್ ಬರುತ್ತಾನೆ ಎಂದೆ. ಅವನು ಹೋಗಿ ನನಗೂ ಸೇರಿಸಿ ಎರಡು ಚಹಾ ಹೇಳಿದ.

೯ ಜೂನ್, ಪರಸೋಡಾ

ಮೊದಲ ಗಾಡಿ. ಗೊಬ್ಬರದ ಚೀಲ, ಖಾಲಿ ಡಬ್ಬಿಗಳು. ರೇವಣಪ್ಪ ಇಲ್ಲ, ಸಾಹೇಬರೂ ಇಲ್ಲ. ಮಧುಕರನನ್ನು ನನ್ನ ಜೊತೆ ಹಾಕಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಬಿಟ್ಟವರು ಎರಡರಿಂದ ಈ ಲೂಪಿನಲ್ಲಿ ನಿಂತಿದ್ದೇವೆ. ಎಕ್ಸ್‌ಪ್ರೆಸ್ ಹೋಯಿತು, ಎದುರಿನಿಂದ ಪ್ಯಾಸೆಂಜರ್ ಬಂತು, ಅದಕ್ಕೂ ದಾರಿ. ಇನ್ನೊಂದು ಏನೋ ಬರುವುದಿದೆಯಂತೆ. ಗೂಡ್ಸಿನವರನ್ನು ಎಲ್ಲರೂ ಮರೆಯುತ್ತಾರೆ ಎಂದು ರೇವಣಪ್ಪ ಹೇಳಿದ್ದ. ಡಬ್ಬಿಯ ನೆರಳಿನಲ್ಲಿ ಸ್ಲೀಪರ್ ಮೇಲೆ ಕೂತು ಬರೆಯುತ್ತಿದ್ದೇನೆ. ಮಳೆ ಇನ್ನೂ ಬಂದಿಲ್ಲ. ವೈಜಾಪುರದ ಕಡೆ ಮೋಡ ಇದೆ. ಬಯಲಿನಲ್ಲಿ ಕುರಿಯವರ ಒಂದು ಡೇರೆ, ಬೇರೆ ಏನೂ ಇಲ್ಲ. ನೋಡಲು ಬಹಳ ಜಾಗ.

ಬರೆಯಲು ಬಿಡುವುದಿಲ್ಲ ಇವರು. ಗಾರ್ಡ್ ಅಷ್ಟುದ್ದ ಗಾಡಿ ನಡೆದು ಬಂದು, ಊಟ ಈಗ ಮಾಡುವುದೋ ಆಮೇಲೋ ಎಂದು ಕೇಳಿದ. ಈಗಲೇ ಎಂದೆ. ಎರಡನೇ ಫೈರ್‌ಮನ್, ಊರೊಳಗೆ ಹೋಗಿ ಬೀಡಿ ತರಲೇ ಎಂದು ಕೇಳಿದ. ಬೇಡ, ಗಾಡಿ ಬಿಟ್ಟರೆ ಉಳಿದುಬಿಡುತ್ತಿ ಎಂದೆ. ಮಾಸ್ತರರು ಆಳು ಕಳಿಸಿ, ಟಾಕಿಯಲ್ಲಿ ನೀರು ಎಷ್ಟಿದೆ, ರೋಟೇಗಾಂವದ ತನಕ ಸಾಲುತ್ತದೆಯೇ ಎಂದು ಕೇಳಿಸಿದರು. ಸಾಲುತ್ತದೆ. ಮಧುಕರ ಬೆಂಕಿ ಏರಿಸಲೇ, ಹಾಗೇ ಇಡಲೇ ಎಂದು ಮೂರು ಸಲ ಕೇಳಿದ್ದಾನೆ. ಇಪ್ಪತ್ತು ವರ್ಷ ಬೆಂಕಿ ಉರಿಸಿದವನಿಗೆ ನಾನೇನು ಹೇಳುವುದು. ಆದರೂ ಹೇಳಿದೆ. ಎಲ್ಲರಿಗೂ ಉತ್ತರ ಕೊಟ್ಟು ಗಂಟಲು ಒಣಗಿತು.

ಟ್ವಿಲೈಟ್, ಡಾನ್, ಎರಡರಲ್ಲಿ ಸಂಜೆಯದು ಯಾವುದು? ಸರ್ ಇದ್ದಿದ್ದರೆ ಬೆತ್ತ ತೋರಿಸುತ್ತಿದ್ದರು. ಕುರಿಗಳೆಲ್ಲ ಒಂದೇ ಮುದ್ದೆಯಾಗಿ ಕಾಣುತ್ತಿವೆ. ಮೇಲಿನ ಸಾಲಿನ ಮೇಲೇ ಈ ಸಾಲು ಹೋಗುತ್ತಿದೆಯೋ ಏನೋ, ನೆಟ್ಟಗೆ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ಎಂಜಿನ್ನಿನ ದೀಪ ಹಚ್ಚು ಎಂದು ಮಧುಕರನಿಗೆ ಹೇಳಬೇಕು.